ನೆರೆಗೆ ಯಾವ ಮನೆ ನಿಲ್ಲುತ್ತದೆ, ಯಾವುದು ಬೇಗ ಚೇತರಿಸಿಕೊಳ್ಳುತ್ತದೆ? ಮಲಪ್ರಭಾ ದಂಡೆಯ ಊರುಗಳಿಗೆ ಸರ್ವೆ ನಮೂನೆ ಹೇಗಿರಬೇಕು

ಹೊಳೆಸಾಲು

ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ಹೊಳೆಸಾಲಿನ ಊರುಗಳಲ್ಲಿ ಮಳೆಗಾಲಕ್ಕೆ ಮುಂಚೆಯೇ ಮನೆಗಳ ಪರೀಕ್ಷೆ ಮಾಡಿಸಬೇಕು ಎಂದು ನಮ್ಮ ಬಳಗ ತೀರ್ಮಾನಿಸಿದೆ. ಸದ್ಯ ಕೈಯಲ್ಲಿರುವ ನಮೂನೆ ನೆರೆ ಬಂದು ಹೋದ ಮೇಲೆ ತುಂಬುವಂಥದ್ದು: ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ‘ಎ’, 25ರಿಂದ 75ರವರೆಗೆ ‘ಬಿ’, 15ರಿಂದ 25ರವರೆಗೆ ‘ಸಿ’. 2019ರ ಆಗಸ್ಟ್ ನೆರೆಯ ಪರಿಹಾರ ಹಂಚಿದ್ದು ಈ ಲೆಕ್ಕದ ಮೇಲೆಯೇ. ಹಣ ಹಂಚಲು ಅದು ಬೇಕು, ಒಪ್ಪೋಣ. ಆದರೆ ಮುಂದಿನ ಸಲ ಯಾವ ಮನೆ ಬೀಳುತ್ತದೆ, ಯಾವ ಮನೆಯವರು ಎಂಟು ದಿನಕ್ಕೆ ಮರಳುತ್ತಾರೆ, ಯಾರು ಎಂಟು ತಿಂಗಳಾದರೂ ತಗಡಿನ ಶೆಡ್ಡಿನಲ್ಲೇ ಉಳಿಯುತ್ತಾರೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಊರುಗಳಲ್ಲಿ ಮೂರು ಬಗೆಯ ಮನೆಗಳಿವೆ. ಕಲ್ಲು-ಮಣ್ಣಿನ ಗೋಡೆಯ ಹಳೆಯ ಮಾಳಿಗೆ (ಮಣ್ಣಿನ ಚಾವಣಿಯ) ಮನೆ, ಇಟ್ಟಿಗೆ ಅಥವಾ ಬ್ಲಾಕ್ ಗೋಡೆಯ ಪತ್ರಾಸಿನ (ತಗಡಿನ ಚಾವಣಿಯ) ಮನೆ, ಆರ್‌ಸಿಸಿ ಮನೆ. ಮನೆಯೊಂದಕ್ಕೆ ಮುಕ್ಕಾಲು ಗಂಟೆ, ಇಬ್ಬರು ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಏನು ಅಳೆಯಬೇಕು, ಯಾವುದರಿಂದ ಅಳೆಯಬೇಕು, ಯಾವುದನ್ನು ಬಿಡಬಹುದು? ತಿಳಿದವರು ಬರೆಯಿರಿ.

ಕಂಬತೊಲೆ

ನಮೂನೆಯ ಮೊದಲ ಪುಟವನ್ನು ನೀರಿನ ವಿವರಕ್ಕೇ ಮೀಸಲಿಡಿ. ಆ ಜಾಗಕ್ಕೆ ಎಷ್ಟು ಆಳ, ಎಷ್ಟು ವೇಗ, ಎಷ್ಟು ದಿನ ನಿಂತಿತ್ತು, ರಾಡಿ ಎಷ್ಟು ಬಂತು. ಈ ನಾಲ್ಕು ಗೊತ್ತಿಲ್ಲದೆ ಗೋಡೆ ನೋಡಿ ಬಂದರೆ ಅರ್ಧ ಕೆಲಸ.

ಆಳವನ್ನು ರಸ್ತೆಯಿಂದ ಅಳೆಯಬೇಡಿ, ರಸ್ತೆ ಪ್ರತಿ ಡಾಂಬರಿಗೂ ಏರುತ್ತದೆ. ಮನೆಯ ಒಳನೆಲದಿಂದ ಅಳೆಯಿರಿ. 2009 ಮತ್ತು 2019ರ ನೀರಿನ ಗುರುತು ಗುಡಿಯ ಗೋಡೆ, ಶಾಲೆಯ ಗೋಡೆ, ಹಳೆಯ ಬಾಗಿಲ ಚೌಕಟ್ಟುಗಳಲ್ಲಿ ಇನ್ನೂ ಸಿಗುತ್ತವೆ. ಒಂದು ಗಟ್ಟಿ ಗುರುತು ಸಿಕ್ಕರೆ ಗೌಂಡಿಗಳು ಬಳಸುವ ಲೆವೆಲ್ ಪೈಪಿನಿಂದಲೇ ಅದನ್ನು ಮನೆಯಿಂದ ಮನೆಗೆ ಸಾಗಿಸಬಹುದು. ನೀರು ತುಂಬಿದ ಅರ್ಧ ಇಂಚಿನ ಪಾರದರ್ಶಕ ಪೈಪು, 10–12 ಮೀಟರ್ ಉದ್ದ, ಒಳಗೆ ಗಾಳಿಗುಳ್ಳೆ ಇರಬಾರದು. ಗುಳ್ಳೆ ಇದ್ದರೆ ಎರಡು ತುದಿಯ ಮಟ್ಟ ಸುಳ್ಳು ಹೇಳುತ್ತದೆ. ಬೀದಿಯ ಕೊನೆಯಿಂದ ಹಿಂದಿರುಗಿ ಬಂದು ಮೊದಲ ಗುರುತಿಗೆ ತಾಳೆ ನೋಡಿ. ಎರಡು ಸೆಂಟಿಮೀಟರ್ ಒಳಗಿನ ವ್ಯತ್ಯಾಸ ಈ ಕೆಲಸಕ್ಕೆ ನಡೆಯುತ್ತದೆ.

ಆಳ ಯಾಕೆ ಅಷ್ಟು ಮುಖ್ಯ ಎಂದರೆ, ನಿಂತ ನೀರಿನ ಒತ್ತಡ ಆಳದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೊರಗೆ ನೀರು, ಒಳಗೆ ಒಣ ಎಂದಿಟ್ಟುಕೊಂಡರೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ 0.6 ಮೀಟರ್ ಆಳಕ್ಕೆ ಸುಮಾರು 180 ಕೆ.ಜಿ., 1 ಮೀಟರಿಗೆ 500 ಕೆ.ಜಿ., 1.5 ಮೀಟರಿಗೆ 1,100 ಕೆ.ಜಿ., 2 ಮೀಟರಿಗೆ 2,000 ಕೆ.ಜಿ. ತಳ್ಳುಬಲ. ಹರಿವ ನೀರಾದರೆ ವೇಗದ ಲೆಕ್ಕವೂ ಸೇರುತ್ತದೆ: ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಚದರ ಮೀಟರಿಗೆ ಸುಮಾರು 50 ಕೆ.ಜಿ., 2 ಮೀಟರಿಗೆ 200 ಕೆ.ಜಿ. ಓಣಿ ಕಿರಿದಾದಲ್ಲಿ, ಹಳ್ಳ ಹೊಳೆಗೆ ಕೂಡುವಲ್ಲಿ, ರಸ್ತೆಯ ಏರಿ ಕಡಿದುಹೋದಲ್ಲಿ ವೇಗ ಹೆಚ್ಚು. ಅಂಥ ಜಾಗದ ಮನೆಗಳಿಗೆ ನಮೂನೆಯಲ್ಲೇ ಬೇರೆ ಗುರುತು ಹಾಕಿ.

ದಿನಗಳ ಲೆಕ್ಕ ಮಣ್ಣಿನ ಮನೆಗೆ ಪ್ರಾಣದ ಪ್ರಶ್ನೆ. ಮಣ್ಣಿನ ಗಾರೆಯ ಗೋಡೆಗಳು ನೀರು ಏರುವಾಗ ನಿಂತು, ಇಳಿದ ಮೇಲೆ ಒಂದೆರಡು ದಿನದಲ್ಲಿ ಕುಸಿಯುವುದು ಹೆಚ್ಚು. ಎರಡೂ ಬದಿ ನೀರಿದ್ದಾಗ ಒತ್ತಡ ಸಮ ಇರುತ್ತದೆ. ಹೊರಗಿನ ನೀರು ಬೇಗ ಇಳಿದು, ಒಳಗೆ ರಾಡಿನೀರು ನಿಂತು, ಗೋಡೆಯ ತಳ ಮೆತ್ತಗಾಗಿ, ಮೇಲಿನ ಮಾಳಿಗೆ ಮಳೆನೀರು ಕುಡಿದು ಭಾರವಾಗಿರುವಾಗ ತಳವೇ ಜಾರುತ್ತದೆ. 25 ಸೆಂ.ಮೀ. ದಪ್ಪದ ಮಣ್ಣಿನ ಮಾಳಿಗೆ ಒಣಗಿದ್ದಾಗಲೇ ಚದರ ಮೀಟರಿಗೆ 400 ಕೆ.ಜಿ. ಹತ್ತಿರ ಇರುತ್ತದೆ. ಅದಕ್ಕೇ ನೀರಿಳಿದ ದಿನವೇ ಮನೆಯೊಳಗೆ ಮಲಗಬಾರದು.

ಗೌಂಡಿಅಣ್ಣ

ಕಂಬತೊಲೆ ಸಾಹೇಬ್ರು ಹೇಳಿದ್ದು ಖರೆ ಐತ್ರಿ. ನಾ ಗ್ವಾಡಿ ನೋಡೋದು ಹೆಂಗ ಅಂತ ಬರೀತೀನಿ.

ಒಂದು ಉದ್ದನ ಸ್ಕ್ರೂಡ್ರೈವರ್ ತಗೊಳ್ರಿ. ನೆಲದಿಂದ ಒಂದು ಫೂಟ್ ಎತ್ತರದೊಳಗ, ಮನಿಯ ನಾಕೂ ಮೂಲ್ಯಾಗ, ಕಲ್ಲಿನ ಸಂದಿಗೆ ಒತ್ತಿ ನೋಡ್ರಿ. ಅರ್ಧ ಇಂಚ್ ಹೋಗಿ ನಿಂತ್ರ ಸಂದಿ ಗಟ್ಟಿ. ಕೈಲೆ ಒತ್ತಿದ್ರ ಮೂರು ಇಂಚ್ ಹೋತಂದ್ರ ಒಳಗಿನ ಮಣ್ಣು ಕರಗಿ ಹೋಗೇತಿ, ಕಲ್ಲ ಮ್ಯಾಲ ಕಲ್ಲ ಸುಮ್ನ ಕುಂತಾವ ಅಷ್ಟ.

ಹಳೆ ಗ್ವಾಡಿ ಅಂದ್ರ ಎರಡು ಮುಖದ ಗ್ವಾಡಿ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವ ಚಕ್ಕಿ ಕಲ್ಲು, ಮಣ್ಣು. ನಡುವಿನ ಮಣ್ಣು ನೀರು ಕುಡುದು ಉಬ್ಬಿದ್ರ ಎರಡು ಮುಖ ಬ್ಯಾರೆ ಬ್ಯಾರೆ ಆಗತಾವ, ಗ್ವಾಡಿ ಹೊಟ್ಟಿ ಬಿಡತೈತಿ. ಸುತ್ತಗಿಲೆ ಮೆಲ್ಲಕ ಬಡೀರಿ. ಡಬ್ ಡಬ್ ಅಂತ ಟೊಳ್ಳ ಸಪ್ಪಳ ಬಂದ್ರ ಮುಖ ಬಿಟ್ಟೈತಿ ಅಂತ ತಿಳೀರಿ. ಎರಡೂ ಮುಖ ಹಿಡಿಯೋ ಉದ್ದನ ಕಲ್ಲು ಎಷ್ಟು ಅದಾವ ಅನ್ನೋದನ್ನ ಬಾಗಲ ಪಕ್ಕದ ಗ್ವಾಡಿ ದಪ್ಪದಾಗ ನೋಡಬಹುದು.

ಒಳಂಬ (ದಾರಕ್ಕ ಕಟ್ಟಿದ ತೂಗುಗುಂಡು) ಬಿಟ್ಟು ನೋಡ್ರಿ. ಹತ್ತು ಫೂಟ್ ಎತ್ತರದ ಗ್ವಾಡಿ ಎರಡು ಇಂಚಿಗಿಂತ ಜಾಸ್ತಿ ವಾಲಿದ್ರ ಅಲ್ಲಿ ಹಾಸಿಗಿ ಹಾಕಬಾರದು. ತೊಲಿ ಗ್ವಾಡಿಯೊಳಗ ಕುಂತ ಜಾಗಾ ಮರೀಬ್ಯಾಡ್ರಿ, ಅಲ್ಲೇ ಗೆದ್ಲು ಹತ್ತಿರತೈತಿ, ಅಲ್ಲೇ ಕಟಗಿ ಮೆತ್ತಗಾಗಿರತೈತಿ.

ಇನ್ನ ಹಗೇವು. ಹಳೆ ಮನಿ ಒಳಗ, ಇಲ್ಲಾ ಅಂಗಳದಾಗ, ಜ್ವಾಳ ಇಡೋ ನೆಲದೊಳಗಿನ ಕುಣಿ, ಅದಕ್ಕ ಹಗೇವು ಅಂತಾರ, ಇರತಿದ್ವು. ಈಗ ಪರಸಿ ಕಲ್ಲು ಮುಚ್ಚಿ ಮರತಾರ. ನೀರು ಹೊಕ್ಕಾಗ ಅದರ ಬದಿ ಕುಸಿತೈತಿ, ಮ್ಯಾಲಿನ ಗ್ವಾಡಿ ಕೂಡ್ರತೈತಿ. ಮನಿಯ ಹಿರೇ ಹೆಣಮಕ್ಕಳನ್ನ ಕೇಳ್ರಿ, ಅವರಿಗೆ ಗೊತ್ತಿರತೈತಿ. ಬಳಸಂಗಿಲ್ಲ ಅಂದ್ರ ಗರಸು (ಸಣ್ಣ ಕಲ್ಲಿನ ಮಣ್ಣು) ಹಾಕಿ ಆರಾರು ಇಂಚಿಗೊಮ್ಮೆ ಧಮ್ಮಸ್ ಹೊಡದು (ಬಡದು ಗಟ್ಟಿ ಮಾಡಿ) ತುಂಬ್ರಿ. ಕಸ, ಎರಿ (ಕರಿ) ಮಣ್ಣು ತುಂಬಬ್ಯಾಡ್ರಿ.

ಹೊಳೆಸಾಲು

ಹಗೇವಿನ ಮಾತು ನಮ್ಮ ಕರಡಿನಲ್ಲಿ ಇರಲೇ ಇಲ್ಲ, ಸೇರಿಸುತ್ತೇನೆ. ಗೌಂಡಿಯವರೇ, ಉದ್ದನೆಯ ಕಲ್ಲು ಎಷ್ಟು ಅಂತರಕ್ಕೆ ಇದ್ದರೆ ಸರಿ? ಮಣ್ಣಿನ ಗೋಡೆಗೆ ಹೊರಗಿನಿಂದ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿಸಿದ ಮನೆಗಳನ್ನು ‘ಗಟ್ಟಿ’ ಎಂದು ಬರೆಯಬಹುದೇ?

ಗೌಂಡಿಅಣ್ಣ

ಗಿಲಾವು ನೋಡಿ ಮೋಸ ಹೋಗಬ್ಯಾಡ್ರಿ. ಸಿಮೆಂಟ್ ಗಿಲಾವಿನ ಹಿಂದ ನೀರು ಹೊಕ್ರ ಹೊರಗ ಬರಾಕ ದಾರಿ ಇರೂದಿಲ್ಲ. ಒಳಗಿನ ಮಣ್ಣು ತಿಂಗಳಗಟ್ಟಲೆ ಹಸಿ ಇರತೈತಿ, ಮ್ಯಾಲ ನೋಡಿದ್ರ ಒಣಗಿದಂಗ ಕಾಣತೈತಿ. ಅಂಥಾ ಮನಿಗೆ ಗಿಲಾವು ಒಂದು ಗೇಣು ಕೆತ್ತಿ ಹಿಂದ ಏನೈತಿ ನೋಡೇ ಬರೀರಿ. ಮಣ್ಣಿನ ಗ್ವಾಡಿಗೆ ಸುಣ್ಣದ ಗಾರಿನ ಚಲೋ, ಒಂದು ಪಾಲು ಸುಣ್ಣ, ಮೂರು ಪಾಲು ಉಸುಕು.

ಕಂಬತೊಲೆ

ಉದ್ದಕಲ್ಲಿನ ಅಂತರಕ್ಕೆ ಭಾರತೀಯ ಮಾನಕ ಐಎಸ್ 13828 ನೋಡಿ. ಅದು ಭೂಕಂಪಕ್ಕೆ ಬರೆದದ್ದಾದರೂ ಈ ಗೋಡೆಗಳಿಗೆ ಚೆನ್ನಾಗಿ ಹೊಂದುತ್ತದೆ. ಎತ್ತರದಲ್ಲಿ 60 ಸೆಂ.ಮೀ.ಗೆ ಒಂದು ಸಾಲು, ಅಡ್ಡಕ್ಕೆ 1.2 ಮೀಟರ್ ಮೀರದಂತೆ ಒಂದೊಂದು. ಇಲ್ಲದ ಗೋಡೆಗೆ ಆಮೇಲೂ ಹಾಕಬಹುದು. ಕಲ್ಲು ಬಿಡಿಸಿ ಗೋಡೆಯ ಆಚೆ-ಈಚೆ ತೂತು ಮಾಡಿ, ಕೊಕ್ಕೆ ಬಾಗಿಸಿದ ಸರಳಿಟ್ಟು ಕಾಂಕ್ರೀಟ್ ತುಂಬುವುದು. ಒಂದು ಸಲಕ್ಕೆ ಒಂದೇ ತೂತು, ಅದು ಗಟ್ಟಿಯಾದ ಮೇಲೆ ಇನ್ನೊಂದು.

ಬಿರುಕಿನ ಭಾಷೆಯನ್ನು ಸರ್ವೆ ಮಾಡುವವರಿಗೆ ಕಲಿಸಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಪಾಯ ಕುಳಿತದ್ದರ ಗುರುತು. ಎರಡು ಗೋಡೆ ಕೂಡುವ ಮೂಲೆಯಲ್ಲಿ ನೇರ ಉದ್ದ ಬಿರುಕು ಎಂದರೆ ಗೋಡೆಗಳು ಒಂದನ್ನೊಂದು ಬಿಟ್ಟಿವೆ, ಮುಂದಿನ ನೆರೆಯಲ್ಲಿ ಒಂದೊಂದೇ ಬೀಳುತ್ತವೆ. ಗೋಡೆಯ ನಡು ಎತ್ತರದಲ್ಲಿ ಅಡ್ಡ ಬಿರುಕು ಎಂದರೆ ನೀರಿನ ಒತ್ತಡಕ್ಕೆ ಗೋಡೆ ಬಾಗಿದೆ. ಗಿಲಾವಿನ ಮೇಲಿನ ಜೇಡರ ಬಲೆಯಂಥ ಸಣ್ಣ ಬಿರುಕುಗಳನ್ನು ಬರೆಯುವ ಅಗತ್ಯವೇ ಇಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಕು, ಅಗಲ ಮಿಲಿಮೀಟರಿನಲ್ಲಿ. ಇಷ್ಟಿದ್ದರೆ ಮುಂದಿನ ಸಲ ಹೋದವರಿಗೆ ಅದು ಬೆಳೆದಿದೆಯೋ ಇಲ್ಲವೋ ತಿಳಿಯುತ್ತದೆ.

ಎರೆಮಣ್ಣು

ಒಂದು ಎಚ್ಚರಿಕೆ. ಈ ಭಾಗದಲ್ಲಿ ಎರೆ ಭೂಮಿ ಇರುವುದರಿಂದ ಬಿರುಕುಗಳೆಲ್ಲ ನೆರೆಯವಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಬಿರುಕೂ ಅದರೊಂದಿಗೆ ಮುಚ್ಚಿ ತೆರೆಯುತ್ತದೆ. ಅಕ್ಟೋಬರಿನಲ್ಲಿ ನೋಡಿದವರು ‘ಸಣ್ಣ ಬಿರುಕು’ ಎನ್ನುತ್ತಾರೆ, ಏಪ್ರಿಲಿನಲ್ಲಿ ಅದೇ ಬಿರುಕಿಗೆ ಬೆರಳು ಹೋಗುತ್ತದೆ. ಎರಡು ಸಲ ನೋಡಿ, ಎರಡನ್ನೂ ಬರೆಯಿರಿ.

ಮಣ್ಣಿನ ಉಬ್ಬರ ಅಳೆಯಲು ಲ್ಯಾಬೇ ಬೇಕೆಂದಿಲ್ಲ. ಊರಿನ ಪ್ರೌಢಶಾಲೆಯ ವಿಜ್ಞಾನ ಕೋಣೆ ಸಾಕು. ಪಾಯದ ಮಟ್ಟದ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿ ಹಿಡಿಯಿರಿ. 10 ಗ್ರಾಂನಂತೆ ಎರಡು ಪಾಲು. 100 ಮಿ.ಲೀ. ಅಳತೆಯ ಎರಡು ಗಾಜಿನ ಕೊಳವೆಗಳಲ್ಲಿ ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಕದಡಿ ಗಾಳಿ ಬಿಡಿಸಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಕೊಳವೆಯಲ್ಲಿ ಮಣ್ಣು 18 ಮಿ.ಲೀ., ಸೀಮೆಎಣ್ಣೆಯಲ್ಲಿ 10 ಮಿ.ಲೀ. ಇದ್ದರೆ ಉಬ್ಬರ ಶೇ 80. ಶೇ 50 ದಾಟಿದರೆ ಆ ನೆಲದ ಮೇಲೆ ಎರಡು ಅಡಿ ಪಾಯ ತೋಡಿ ಕಟ್ಟಿದ ಮನೆ ನೆರೆ ಬರಲಿ ಬಿಡಲಿ ಬಿರಿಯುತ್ತದೆ. ವಿಧಾನ ಐಎಸ್ 2720ರ 40ನೇ ಭಾಗದಲ್ಲಿದೆ.

ಹೊಸದಾಗಿ ಕಟ್ಟುವವರಿಗೆ ಇಂಥ ನೆಲದಲ್ಲಿ ತಳ ಅಗಲಿಸಿದ ಕಂಬಪಾಯ ಒಳ್ಳೆಯ ದಾರಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಹಳ ಹಿಂದೆಯೇ ರೂಪಿಸಿದ ಪದ್ಧತಿ ಇದು. ಆಳವಾದ ಎರೆಯಲ್ಲಿ 3.5 ಮೀಟರ್ ಸುಮಾರಿಗೆ ಇಳಿಸುತ್ತಾರೆ. ಆ ಆಳದಲ್ಲಿ ಮಣ್ಣಿನ ತೇವ ಮಳೆ-ಬೇಸಿಗೆಗೆ ಹೆಚ್ಚು ಬದಲಾಗುವುದಿಲ್ಲ, ಅದಕ್ಕೇ ಕಂಬ ಜಾಗ ಬಿಡುವುದಿಲ್ಲ.

ಈಗಿರುವ ಮನೆಗೆ ಅಗ್ಗದ ಉಪಾಯವೆಂದರೆ ಗೋಡೆಯ ಸುತ್ತ ಒಂದೂವರೆ ಮೀಟರ್ ಅಗಲ ಗರಸು ಹಾಕಿ ಮೇಲೆ ಪರಸಿ, ಹೊರಕ್ಕೆ ಇಳಿಜಾರು. ಗೋಡೆಯ ಬುಡಕ್ಕೆ ಬಚ್ಚಲ ನೀರು ಬಿಡುವುದನ್ನು ಮೊದಲು ನಿಲ್ಲಿಸಿ.

ಊರಕಟ್ಟೆ

ನೀರು ಬರುವ ಸುದ್ದಿ ಸಿಕ್ಕ ತಕ್ಷಣ ಬಾಗಿಲಿಗೆ ಹಲಗೆ, ಮರಳಿನ ಚೀಲ ಇಟ್ಟು ನೀರು ತಡೆಯಲು ನಮ್ಮಲ್ಲಿ ಎಲ್ಲರೂ ನೋಡುತ್ತಾರೆ. ನಮೂನೆಯಲ್ಲಿ ‘ನೀರು ತಡೆಯುವ ವ್ಯವಸ್ಥೆ ಇದೆಯೇ’ ಎಂದು ಕೇಳಿ, ಇದ್ದರೆ ಹೆಚ್ಚು ಅಂಕ ಕೊಡಬೇಕಲ್ಲವೇ?

ಕಂಬತೊಲೆ

ಎಲ್ಲ ಮನೆಗೂ ಕೊಡಬೇಡಿ. ಮೇಲಿನ ಲೆಕ್ಕ ಮತ್ತೆ ನೋಡಿ. ಸಿಮೆಂಟ್ ಗಾರೆಯ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಎರಡು ಅಡಿಯವರೆಗೆ ತಡೆ ಸರಿ. ಮೂರು ಅಡಿ ದಾಟಿದ ಮೇಲೂ ಒಳಗೆ ಒಣಗಿಸಿಟ್ಟರೆ ಗೋಡೆಯೇ ಒಳಕ್ಕೆ ಬರುವ ಅಪಾಯ. ನಾಲ್ಕಿಂಚಿನ ಗೋಡೆಗೂ ಮಣ್ಣಿನ ಗಾರೆಯ ಗೋಡೆಗೂ ತಡೆಯ ಮಾತೇ ಬೇಡ. ಆಳದ ನೀರು ಬರುವ ಜಾಗದಲ್ಲಿ ನೀರು ಒಳಗೆ ಬಂದು ಹೋಗಲು ದಾರಿ ಕೊಡುವುದೇ ಗೋಡೆ ಉಳಿಸುವ ಕ್ರಮ.

ಅಮೆರಿಕದ ನೆರೆ ವಿಮೆ ನಿಯಮಗಳಲ್ಲಿ ಎತ್ತರಿಸಿದ ಮನೆಯ ಕೆಳಗಿನ, ಗೋಡೆ ಸುತ್ತಿದ ಜಾಗಕ್ಕೆ ಒಂದು ಲೆಕ್ಕವಿದೆ: ಒಂದು ಚದರಡಿ ವಿಸ್ತೀರ್ಣಕ್ಕೆ ಒಂದು ಚದರ ಇಂಚು ಕಿಂಡಿ, ಕನಿಷ್ಠ ಎರಡು ಗೋಡೆಗಳಲ್ಲಿ, ಕಿಂಡಿಯ ತಳ ನೆಲದಿಂದ ಒಂದು ಅಡಿ ಎತ್ತರ ಮೀರದಂತೆ. ನಮ್ಮ 20×15 ಅಡಿಯ ಮನೆಗೆ 300 ಚದರ ಇಂಚು, ಅಂದರೆ 8×10 ಇಂಚಿನ ನಾಲ್ಕು ಜಾಲಿ. ಹಾವು, ಇಲಿ ಬಾರದ ಹಾಗೆ ಜಾಲರಿ ಇರಲಿ, ಕಸ ಕಟ್ಟದಷ್ಟು ಕಣ್ಣು ದೊಡ್ಡದಿರಲಿ. ಇಂಥ ಕಿಂಡಿ ಇಲ್ಲದ ಮನೆಯವರು ಹೊರಡುವಾಗ ಎದುರುಬದುರಿನ ಬಾಗಿಲು ತೆರೆದಿಟ್ಟರೂ ಉಪಯೋಗವಿದೆ. ಕಳ್ಳತನದ ಭಯದಿಂದ ಬೀಗ ಹಾಕುತ್ತಾರೆ. ಆ ಭಯ ನಿಜವಾದದ್ದು, ಪಂಚಾಯಿತಿ ಕಾವಲು ಗೊತ್ತು ಮಾಡಿದರೆ ಮಾತ್ರ ಬಾಗಿಲು ತೆರೆಯುತ್ತವೆ.

ಇದೇ ಲೆಕ್ಕ ನೆಲದೊಳಗಿನ ಸಂಪಿಗೂ. 2×2×1.5 ಮೀಟರಿನ ಖಾಲಿ ಸಂಪಿಗೆ ನೆಲ ತೊಯ್ದಾಗ ಆರು ಟನ್ ಮೇಲೆತ್ತುವ ಬಲ ಬೀಳುತ್ತದೆ, ತಳ ಬಿರಿಯುತ್ತದೆ ಅಥವಾ ಸಂಪೇ ಎದ್ದು ನಿಲ್ಲುತ್ತದೆ. ನೆರೆಯ ಮುನ್ಸೂಚನೆ ಬಂದಾಗ ಸಂಪು ತುಂಬಿಸಿಡಿ. ‘ಸಂಪು ತುಂಬಿಸುವ ಅಭ್ಯಾಸ ಉಂಟೇ’ ಎಂಬ ಒಂದು ಸಾಲು ನಮೂನೆಯಲ್ಲಿರಲಿ.

ಕ್ಷೇತ್ರಕಾರ್ಯ

ಇಲ್ಲಿಯವರೆಗೆ ಎಲ್ಲರೂ ಗೋಡೆಯ ಬಗ್ಗೆ ಬರೆದಿದ್ದೀರಿ. ಮನೆ ನಿಂತರೂ ಮನೆಯವರು ಮರಳದೆ ಇರುವುದು ಎಷ್ಟೋ ಕಡೆ ಇದೆ. ಚೇತರಿಕೆಗೆ ಅಳತೆಗೋಲು ದಿನಗಳೇ ಆಗಬೇಕು. ಒಂದೊಂದು ಮನೆಗೂ ಕೇಳಬೇಕಾದದ್ದು: ಒಣ ನೆಲದ ಮೇಲೆ ಮಲಗಲು ಎಷ್ಟು ದಿನ ಬೇಕಾಯಿತು, ಸ್ವಂತ ಒಲೆ ಹೊತ್ತಲು ಎಷ್ಟು, ಶೌಚಾಲಯ ಬಳಕೆಗೆ ಬರಲು ಎಷ್ಟು, ಕರೆಂಟು, ದನ ಕಟ್ಟುವ ಜಾಗ, ಕೂಲಿ ಅಥವಾ ಅಂಗಡಿ ಮತ್ತೆ ಶುರುವಾಗಲು ಎಷ್ಟು. 2019ರ ಅನುಭವವನ್ನು ಮನೆಯವರು ಚೆನ್ನಾಗಿಯೇ ನೆನಪಿಟ್ಟಿರುತ್ತಾರೆ. ಈ ಆರರಲ್ಲಿ ಯಾವುದು ಕೊನೆಗೆ ಬಂತೋ ಅದೇ ಆ ಮನೆಯ ಚೇತರಿಕೆಯನ್ನು ಹಿಡಿದಿಟ್ಟದ್ದು, ಮುಂದಿನ ಸಲ ಮೊದಲು ಸರಿಮಾಡಬೇಕಾದದ್ದೂ ಅದೇ. ಗೋಡೆ ಗಟ್ಟಿಯಿದ್ದು ದನಕ್ಕೆ ಎತ್ತರದ ಜಾಗವಿಲ್ಲದ ಮನೆಗೆ ಗಿಲಾವಿನ ಹಣ ಕೊಟ್ಟು ಪ್ರಯೋಜನವಿಲ್ಲ.

ಉತ್ತರವನ್ನು ಗಂಡಸರಿಂದ ಮಾತ್ರ ಪಡೆದು ಬರಬೇಡಿ. ಒಲೆ, ಶೌಚ, ನೀರು, ಕಾಳಿನ ಲೆಕ್ಕ ಹೆಣ್ಣುಮಕ್ಕಳಿಗೆ ಗೊತ್ತು. ಒಂದೇ ಸೂರಿನಡಿ ಎಷ್ಟು ಒಲೆ ಎಂದೂ ಕೇಳಿ. ಅಣ್ಣತಮ್ಮಂದಿರು ಪಾಲಾಗಿ ಉತಾರ (ಆಸ್ತಿ ದಾಖಲೆ) ಇನ್ನೂ ತಂದೆಯ ಹೆಸರಿನಲ್ಲೇ ಇದ್ದರೆ ಪರಿಹಾರ ಒಂದೇ ಖಾತೆಗೆ ಹೋಗುತ್ತದೆ, ಉಳಿದವರ ಗೋಡೆ ಬಿದ್ದಲ್ಲೇ ಉಳಿಯುತ್ತದೆ.

ಕಾಗದಪತ್ರವನ್ನು ನಾನು ಗೋಡೆಯಷ್ಟೇ ಮುಖ್ಯ ಎನ್ನುತ್ತೇನೆ. ಉತಾರ ಅಥವಾ ಇ-ಸ್ವತ್ತು (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ಯಾರ ಹೆಸರಿನಲ್ಲಿದೆ, ಹಕ್ಕುಪತ್ರ ಇದೆಯೇ, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆಯೇ, ಇವೆಲ್ಲದರ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ ಎತ್ತರದಲ್ಲಿದೆಯೇ. 2019ರಲ್ಲಿ ‘ಎ’ ಮನೆಗೆ 5 ಲಕ್ಷ, ‘ಸಿ’ ಮನೆಗೆ 50,000 ರೂಪಾಯಿ. ಹಾನಿಯ ಫೋಟೊ ಸರಿಯಿಲ್ಲದೆ ದರ್ಜೆ ಕೆಳಗಿಳಿದರೆ ಆ ಕುಟುಂಬ ಮತ್ತೆ ಕಟ್ಟಲು ಆಗುವುದಿಲ್ಲ. ನೀರಿಳಿದ ಮೇಲೆ ರಾಡಿ ಬಳಿಯುವ ಮುಂಚೆ ನಾಲ್ಕು ಮೂಲೆಯ ಫೋಟೊ, ನೀರಿನ ಗುರುತಿನ ಪಕ್ಕ ಟೇಪು ಹಿಡಿದ ಫೋಟೊ ತೆಗೆದಿಡಬೇಕು. ಅದಕ್ಕಿಂತ ಮುಂಚೆ, ಅಂದರೆ ಈಗ, ಮನೆ ಚೆನ್ನಾಗಿರುವಾಗಿನ ಫೋಟೊ ನಿಮ್ಮ ಸರ್ವೆಯಲ್ಲೇ ತೆಗೆಯಿರಿ. ಹೋಲಿಸಲು ಮೊದಲಿನ ಚಿತ್ರ ಇರದಿದ್ದರೆ ವಾದ ನಿಲ್ಲುವುದಿಲ್ಲ.

ಪರಿಹಾರದ ಹಣ ಕಂತಿನಲ್ಲಿ ಬರುತ್ತದೆ. ಪಾಯ, ಲಿಂಟಲ್, ಚಾವಣಿ ಎಂದು ಹಂತ ಮುಗಿದು ಫೋಟೊ ಏರಿದ ಮೇಲೆ ಮುಂದಿನ ಕಂತು. ಕೈಯಲ್ಲಿ ಒಂದು ಹಂತದಷ್ಟು ಹಣವಿಲ್ಲದವರ ಮನೆ ಲಿಂಟಲ್ ಮಟ್ಟದಲ್ಲೇ ನಿಂತಿರುತ್ತದೆ. ಸ್ವಸಹಾಯ ಸಂಘದ ಸಾಲ ಸಿಗುತ್ತದೆಯೇ ಎಂಬುದು ಅದಕ್ಕೇ ಚೇತರಿಕೆಯ ಪ್ರಶ್ನೆ. ಆರ್‌ಸಿಸಿ ಮನೆಯವರಿಗೆ ವಿಮೆಯ ವಿಷಯ ತಿಳಿಸಿ: 2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆ ಸೇರಿದೆ.

ದೀಪದಕಂಬ

ಕರೆಂಟಿನ ಬಗ್ಗೆ ನಾಲ್ಕು ಮಾತು. ಮೀಟರ್ ಬೋರ್ಡು ಮತ್ತು ಮೇನ್ 2019ರ ಗುರುತಿಗಿಂತ ಮೇಲಿದೆಯೇ? ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇದೆಯೇ? ವೈರಿಂಗ್ ಮೇಲಿನಿಂದ ಇಳಿದು ಬರುವಂತಿದೆಯೇ, ಇಲ್ಲ ನೆಲದಲ್ಲಿ ಹೂತ ಪೈಪಿನಲ್ಲಿದೆಯೇ? ನೆಲದ ಪೈಪಿನಲ್ಲಿ ರಾಡಿನೀರು ವಾರಗಟ್ಟಲೆ ನಿಲ್ಲುತ್ತದೆ. ಮುಳುಗಿದ ಎಂಸಿಬಿ, ಸ್ವಿಚ್ಚು, ಸಾಕೆಟ್ಟುಗಳನ್ನು ಒಣಗಿಸಿ ಬಳಸಬಾರದು, ಬದಲಿಸಬೇಕು. ತಂತಿ ಉಳಿಸಿಕೊಳ್ಳಬಹುದೇ ಎಂಬುದನ್ನು ಮೆಗ್ಗರ್ (ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಉಪಕರಣ) ಹಚ್ಚಿ ತೀರ್ಮಾನಿಸಿ, ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಪರೀಕ್ಷೆಯಾಗದೆ ಮೇನ್ ಹಾಕಿದರೆ ಒದ್ದೆ ಗೋಡೆ ಮುಟ್ಟಿದವರಿಗೇ ಶಾಕ್ ಹೊಡೆಯುತ್ತದೆ.

ಊರಕಟ್ಟೆ

ಕ್ಷೇತ್ರಕಾರ್ಯ ಮೇಡಂ, ಒಣ ನೆಲದ ಪ್ರಶ್ನೆ ಕೇಳಿದಿರಿ. ಗೋಡೆ ಒಣಗಿತು ಎಂದು ಹೇಗೆ ತಿಳಿಯಬೇಕು? ಬಾವಿ ನೀರಿಗೆ ಬ್ಲೀಚಿಂಗ್ ಎಷ್ಟು ಹಾಕಬೇಕು? ಪ್ರತಿ ಸಲ ಅಂದಾಜಿನ ಮೇಲೆ ನಡೆಯುತ್ತದೆ.

ಕ್ಷೇತ್ರಕಾರ್ಯ

ಬಾವಿಯದ್ದು ನಾನು ಹೇಳುತ್ತೇನೆ, ಗೋಡೆಯದ್ದು ಗೌಂಡಿಯವರು ಹೇಳಲಿ. ಮೊದಲು ಕೆಸರು ನೀರನ್ನು ಸಾಧ್ಯವಾದಷ್ಟು ಎತ್ತಿ ಹೊರಚೆಲ್ಲಿ. ಆಮೇಲೆ ಪ್ರಮಾಣ ಅಳೆಯಿರಿ: 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 3.14×3×3÷4×4, ಅಂದರೆ 28 ಸಾವಿರ ಲೀಟರ್. ಒಳ್ಳೆಯ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ 2.5 ಗ್ರಾಂ ಎಂಬುದು ಸಾಮಾನ್ಯ ದಿನಗಳ ಅಳತೆ, ಈ ಬಾವಿಗೆ 70 ಗ್ರಾಂ. ನೆರೆನೀರು ಹೊಕ್ಕ ಬಾವಿಗೆ ಇದು ಸಾಲದು. ಆರೋಗ್ಯ ಇಲಾಖೆಯವರ ಬಳಿಯ ಹೊರಾಕ್ಸ್ ಪರೀಕ್ಷೆಯ ಪೆಟ್ಟಿಗೆಯಿಂದ ನಿಜವಾದ ಪ್ರಮಾಣ ಕಂಡುಕೊಳ್ಳಬೇಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡಿ. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿಯದಿದ್ದರೆ ಮತ್ತೆ ಹಾಕಬೇಕು.

ಗೌಂಡಿಅಣ್ಣ

ಅಕ್ಕಾರ ಬಾವಿದು ಚಲೋ ಹೇಳಿದ್ರು. ಗ್ವಾಡಿ ಒಣಗೂದಕ್ಕ ಅವಸರ ಮಾಡಬ್ಯಾಡ್ರಿ. ಒಂದು ಇಂಚ್ ದಪ್ಪಕ್ಕ ಒಂದು ತಿಂಗಳು ಅನ್ನೋದು ಅಂದಾಜಿನ ಲೆಕ್ಕ. ಒಂಬತ್ತು ಇಂಚಿನ ಗ್ವಾಡಿ ಎರಡೂ ಕಡೆ ಗಾಳಿ ಆಡಿದ್ರ ನಾಲ್ಕೈದು ತಿಂಗಳು. ನಮ್ಮ ಬ್ಯಾಸಗಿ ಬಿಸಲಿಗೆ ಇನ್ನೂ ಬೇಗ ಆದೀತು, ಹಿಂಗಾರಿ ಮಳಿ ಹತ್ತಿದ್ರ ತಡಾ. ಮದಲ ರಾಡಿ ತಗೀರಿ, ನೆಲಾ ತೊಳೀರಿ, ನೀರಿನ ಗುರುತಿಗಿಂತ ಒಂದು ಫೂಟ್ ಮ್ಯಾಲಿನ ತನಕ ಸಿಮೆಂಟ್ ಗಿಲಾವು ಕೆತ್ತಿ ಬಿಡ್ರಿ. ಗ್ವಾಡಿಗೆ ತಾಗಿದ ಕಪಾಟ, ಟ್ರಂಕ್ ಒಂದು ಗೇಣು ಮುಂದ ಸರಸ್ರಿ.

ಒಣಗೇತೋ ಇಲ್ಲೋ ನೋಡಾಕ ಒಂದು ಫೂಟ್ ಚೌಕದ ಪ್ಲಾಸ್ಟಿಕ್ ಹಾಳಿ ಗ್ವಾಡಿಗೆ ನಾಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡ್ರಿ. ಒಳಗ ಹನಿ ಕಟ್ಟಿದ್ರ ಇನ್ನೂ ಹಸಿ. ಆಗ ಪೇಂಟ್ ಹೊಡದ್ರ ಬಿಳಿ ಉಪ್ಪು ಎದ್ದು ಪದರ ಪದರ ಉದರತೈತಿ. ಅಲ್ಲಿತನಕ ಸುಣ್ಣ ಹಚ್ರಿ, ಅದು ಗ್ವಾಡಿಗೆ ಉಸಿರಾಡಾಕ ಬಿಡತೈತಿ.

ಮಲೆನೆತ್ತಿ

ಕೊಡಗಿನಲ್ಲೂ ಇದೇ ನಮೂನೆ ಬಳಸಬಹುದೇ ಎಂದು ಇಲ್ಲಿ ಕೆಲವರು ಕೇಳುತ್ತಿದ್ದಾರೆ. 2018ರ ಆಗಸ್ಟಿನಲ್ಲಿ ಅಲ್ಲಿ ಮನೆಗಳು ಹೋದದ್ದು ಹೆಚ್ಚಾಗಿ ಗುಡ್ಡ ಜಾರಿ. ಅಲ್ಲಿ ಗೋಡೆಯ ಗಾರೆಗಿಂತ ಮನೆಯ ಹಿಂದಿನ ಕಡಿದ ದಿಬ್ಬದ ಎತ್ತರ, ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರ-ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ನಿಂತ ಒರತೆ ಮುಖ್ಯ. ಬೇರೆ ನಮೂನೆಯೇ ಬೇಕು, ಇದನ್ನು ಅಲ್ಲಿಗೆ ಒಯ್ಯಬೇಡಿ.

ಊರಕಟ್ಟೆ

ನನಗೊಂದು ಮೂಲಭೂತ ಸಂಶಯ. ಇಷ್ಟೆಲ್ಲ ಅಳೆದು ಕೊನೆಗೆ ಹೊಳೆದಂಡೆಯಲ್ಲೇ ಉಳಿಸುವುದು ಸರಿಯೇ? ಊರನ್ನೇ ಎತ್ತರಕ್ಕೆ ಸ್ಥಳಾಂತರಿಸುವುದು ಒಂದೇ ಪರಿಹಾರ ಎಂಬುದು ನನ್ನ ಅಭಿಪ್ರಾಯ.

ಕ್ಷೇತ್ರಕಾರ್ಯ

ಕೆಲವು ಊರಿಗೆ ಅದು ನಿಜ. ಆದರೆ 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಕಟ್ಟಿದ ಮನೆಗಳು ಹಲವು ಕಡೆ ಖಾಲಿ ಉಳಿದವು. ಎತ್ತು, ಎಮ್ಮೆ, ಹೊಟ್ಟು-ಮೇವು, ಬಂಡಿ ಇಡಲು ಜಾಗವಿಲ್ಲ, ಹೊಲ ದೂರ, ನೀರಿಲ್ಲ, ಹಕ್ಕುಪತ್ರ ಬಂದಿಲ್ಲ. ಹಾಗಾಗಿ ಜನ ಹಳೆಯ ಊರಿನ ಒದ್ದೆ ಗೋಡೆಗೇ ಮರಳಿದರು. ಹೊಸ ಜಾಗವನ್ನೂ ಇದೇ ನಮೂನೆಯಿಂದ ಅಳೆಯಿರಿ. ‘ಎಷ್ಟು ದಿನ’ ಎಂಬ ಆ ಆರು ಪ್ರಶ್ನೆಗಳು ಅಲ್ಲಿಗೂ ಸಲ್ಲುತ್ತವೆ. ದನಕ್ಕೆ ಜಾಗವಿಲ್ಲದ ಬಡಾವಣೆ ಒಕ್ಕಲುತನದ ಮನೆಗೆ ಸುರಕ್ಷಿತ ಮನೆಯಾಗುವುದಿಲ್ಲ.

ಕಂಬತೊಲೆ

ಊರಕಟ್ಟೆಯವರ ಪ್ರಶ್ನೆಗೆ ಲೆಕ್ಕವೂ ಸ್ವಲ್ಪ ಉತ್ತರ ಕೊಡುತ್ತದೆ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದರೆ ಪ್ರತಿ ವರ್ಷ ಶೇ 1ರ ಸಂಭವ. 50 ವರ್ಷ ಬಾಳುವ ಮನೆ ಅದನ್ನು ಒಮ್ಮೆಯಾದರೂ ಕಾಣುವ ಸಂಭವ ಶೇ 39. ಇಪ್ಪತ್ತೈದು ವರ್ಷಕ್ಕೊಮ್ಮೆಯ ನೆರೆಯಾದರೆ ಶೇ 87. ಹತ್ತು ವರ್ಷದ ಅಂತರದಲ್ಲಿ ಎರಡು ಸಲ ಮುಳುಗಿದ ಬೀದಿಗೆ ‘ಇನ್ನು ಬರಲಿಕ್ಕಿಲ್ಲ’ ಎಂಬ ಮಾತು ಆಧಾರವಿಲ್ಲದ್ದು.

ನೆಲ ಎಷ್ಟು ಎತ್ತರಿಸಬೇಕು ಎಂಬುದಕ್ಕೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಮಾರ್ಗಸೂಚಿ ಮುಳುಗಡೆ ಮಟ್ಟಕ್ಕಿಂತ 0.6 ಮೀಟರ್ ಮೇಲೆ ಎನ್ನುತ್ತದೆ. ಗುರುತು ಈಗಿನ ನೆಲಕ್ಕಿಂತ ಎರಡು ಅಡಿ ಮೇಲಿದ್ದರೆ ನಾಲ್ಕು ಅಡಿ ಎತ್ತರಿಸಿ ಕಟ್ಟಬಹುದು, ಗರಸು ಹಾಕಿ 15–20 ಸೆಂ.ಮೀ. ಪದರದಲ್ಲಿ ನೀರು ಚಿಮುಕಿಸಿ ಧಮ್ಮಸ್ ಮಾಡಿ. ಗುರುತು ಐದಾರು ಅಡಿ ಇದ್ದರೆ ತುಂಬುವುದು ಬೇಡ. ಎತ್ತರದ ತುಂಬು ಮಣ್ಣಿಗೆ ಹೊರಗೋಡೆಯೇ ತಡೆಗೋಡೆಯಾಗಿ ಒಡೆಯುತ್ತದೆ. ಅಲ್ಲಿ ಕಂಬದ ಮೇಲೆ ಕಟ್ಟಬೇಕು, ಇಲ್ಲವೇ ಆರ್‌ಸಿಸಿ ಚಾವಣಿಗೆ ಗಟ್ಟಿ ಮೆಟ್ಟಿಲು ಕೊಟ್ಟು ಕಾಳು, ಕಾಗದ ಮೇಲೆ ಸಾಗಿಸುವಂತಿರಬೇಕು. ಅದೂ ಆಗದ, ವೇಗದ ಹರಿವಿನ ಜಾಗದ ಮನೆಗಳಿಗೆ ಸ್ಥಳಾಂತರವೇ ಉತ್ತರ. ಊರಿಡೀ ಒಂದೇ ತೀರ್ಮಾನ ಬೇಡ, ಬೀದಿಯ ಮಟ್ಟಕ್ಕೆ ಇಳಿಯಿರಿ.

ಹೊಳೆಸಾಲು

ಎಲ್ಲವನ್ನೂ ಸೇರಿಸಿ 100 ಅಂಕದ ನಮೂನೆ ಮಾಡುತ್ತಿದ್ದೇನೆ. ಗೋಡೆಗೆ 40, ಪಾಯಕ್ಕೆ 20, ಚೇತರಿಕೆಗೆ 40. ಸರಿಯೇ?

ಕಂಬತೊಲೆ

ಕೂಡಿಸಬೇಡಿ ಸರ್. ಕಾಗದಪತ್ರ, ಉಳಿತಾಯ, ಮೀಟರ್ ಎತ್ತರಕ್ಕೆಲ್ಲ ಪೂರ್ತಿ ಅಂಕ ಪಡೆದು, ಹೊಟ್ಟೆ ಬಿಟ್ಟ ಗೋಡೆಯ ಮನೆ 70 ಅಂಕಕ್ಕೆ ನಿಲ್ಲುತ್ತದೆ. ಆ ಮನೆಯವರು ನಿಶ್ಚಿಂತೆಯಾಗಿ ಒಳಗೆ ಮಲಗುತ್ತಾರೆ. ಮೊದಲು ನಾಲ್ಕು ತಡೆಪ್ರಶ್ನೆ ಇಡಿ: ಗೋಡೆ ವಾಲಿದೆಯೇ ಅಥವಾ ಮುಖ ಬಿಟ್ಟಿದೆಯೇ, ತಳದ ಸಂದಿಯಲ್ಲಿ ಮೂರು ಇಂಚು ಹೋಗುತ್ತದೆಯೇ, ತೊಲೆಯ ತುದಿ ಕೊಳೆತಿದೆಯೇ, ಮನೆ ವೇಗದ ಹರಿವಿನ ದಾರಿಯಲ್ಲಿದೆಯೇ. ಒಂದಕ್ಕೆ ಹೌದು ಎಂದರೂ ಕೆಂಪು. ಆ ಮನೆಯವರು ಮೊದಲ ಎಚ್ಚರಿಕೆಗೇ ಹೊರಡಬೇಕು. ಚೇತರಿಕೆಯನ್ನು ಅಂಕವಾಗಿಸದೆ ದಿನವಾಗಿಯೇ ಬರೆಯಿರಿ: ‘ಗೋಡೆ ಹಳದಿ, ಮರಳಲು 40 ದಿನ, ತಡೆದದ್ದು ಶೌಚಾಲಯ’. ಓದಿದವರಿಗೆ ಏನು ಮಾಡಬೇಕೆಂದು ಅದರಲ್ಲೇ ತಿಳಿಯುತ್ತದೆ.

ಇನ್ನೊಂದು ಗೊಂದಲ ತಪ್ಪಿಸಿ. ಕೇಂದ್ರ ಸರ್ಕಾರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಮಂಡಳಿ (ಬಿಎಂಟಿಪಿಸಿ) ಪ್ರಕಟಿಸಿದ ಭಾರತದ ಅಪಾಯ ನಕ್ಷೆಪುಸ್ತಕದಲ್ಲಿ ‘ಎ’ ಎಂದರೆ ಮಣ್ಣು, ಹಸಿ ಇಟ್ಟಿಗೆ, ಕಲ್ಲಿನ ಗೋಡೆಯ ಮನೆ. ಪರಿಹಾರದ ‘ಎ’ ಎಂದರೆ ಶೇ 75ಕ್ಕಿಂತ ಹೆಚ್ಚು ಹಾನಿಯಾದ ಮನೆ. ನಿಮ್ಮ ನಮೂನೆಯಲ್ಲಿ ಅಕ್ಷರ ಬಳಸದೆ ಬಣ್ಣ ಬಳಸಿ.

ಹೊಳೆಸಾಲು

ಒಪ್ಪಿದೆ, ಅಂಕ ತೆಗೆದೆ. ಒಂದೇ ಪ್ರಶ್ನೆ ಉಳಿಯಿತು, ಯಾವ ತಿಂಗಳಲ್ಲಿ ಹೋಗುವುದು?

ಎರೆಮಣ್ಣು

ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಮುಗಿಸಿ. ಆಗ ಬಿರುಕು ಪೂರ್ತಿ ತೆರೆದಿರುತ್ತದೆ, ಪಾಯದ ಬುಡ ಅಗೆದು ನೋಡಲು ನೆಲ ಒಣಗಿರುತ್ತದೆ, ಮಳೆಗೆ ಮುಂಚೆ ರಿಪೇರಿಗೆ ಮೂರು ವಾರವಾದರೂ ಸಿಗುತ್ತದೆ. ಕೆಂಪು ಬಂದ ಮನೆಗಳನ್ನು ಮಾತ್ರ ಅಕ್ಟೋಬರ್ ಕೊನೆಗೆ ಮತ್ತೆ ನೋಡಿ. ಅದೇ ಓಡಾಟದಲ್ಲಿ ಪ್ರತಿ ಬೀದಿಯ ಒಂದು ಕರೆಂಟ್ ಕಂಬಕ್ಕೆ ಲೆವೆಲ್ ಪೈಪಿನಿಂದ 2009 ಮತ್ತು 2019ರ ಮಟ್ಟ ಸಾಗಿಸಿ ಆಯಿಲ್ ಪೇಂಟಿನಲ್ಲಿ ಗೆರೆ, ವರ್ಷ ಬರೆಸಿ. ಕಂಬಕ್ಕೆ ಬಣ್ಣ ಹಚ್ಚುವ ಮುಂಚೆ ಹೆಸ್ಕಾಂ ಶಾಖಾ ಕಚೇರಿಯ ಅನುಮತಿ ಪಡೆಯಿರಿ.